ಮುತ್ತಜ್ಜನ ಅಣ್ಣ ಹತ್ತಿದ ಹಡಗು

‘ಅವನು ಕಳ್ಳ ಅಂತ ನನಗೆ ಮೊದಲೇ ಗೊತ್ತಿತ್ತು! ಬೇಕಾಗಿದ್ದು ಅವನ ಹಡಗಿನ ಹೆಸರು!’ ಅಮೆರಿಕದ ಅಲೆನ್ ಊರಲ್ಲಿ ನಮ್ಮ ಪಕ್ಕದ ಮನೆಯ ಐರಿಷ್ ಮೂಲದ ಅಜ್ಜಿ, ಜೆರಾಕ್ಸ್ ಹಾಳೆ ಹಿಡಿದು ನನ್ನ ಮೇಲೆ ರೇಗಿದರು.

ಕಂಪ್ಯೂಟರ್ ಕೆಲಸದವಳು ಅಂತ, ತಮ್ಮ ಮುತ್ತಜ್ಜನ ಅಣ್ಣನನ್ನು ಹುಡುಕಿಕೊಡುವ ಕೆಲಸವನ್ನು ನನ್ನ ತಲೆಗೆ ಕಟ್ಟಿದ್ದೇ ಅವರು. ಮೂರು ಶನಿವಾರ ಲೈಬ್ರರಿಯಲ್ಲಿ ಹಳೇ ದಾಖಲೆಗಳ ಮೈಕ್ರೋಫಿಲ್ಮ್ ತಿರುಗಿಸಿ ಕಣ್ಣೆಲ್ಲ ಉರಿ. ಕೊನೆಗೆ ಸಿಕ್ಕಿದ್ದು, ಕುರಿ ಕದ್ದು ಆಸ್ಟ್ರೇಲಿಯಾಕ್ಕೆ ಗಡಿಪಾರಾದ ಕೈದಿ! ಹಿರಿಯರ ಮರ್ಯಾದೆ ಉಳಿಯಲಿ ಅಂತ ‘ಏನೂ ಸಿಗಲಿಲ್ಲ’ ಅಂದುಬಿಟ್ಟಿದ್ದೆ. ಕಾಫಿಗೆ ಬಂದ ಅಜ್ಜಿಗೆ ಆ ಹಾಳೆ ನಮ್ಮ ಟೇಬಲ್ ಮೇಲೇ ಸಿಕ್ಕಿತು.

ಈಗ ಹಡಗಿನ ಹೆಸರೂ ಇರುವ ಆ ಹಾಳೆಗೆ ಫ್ರೇಮ್ ಹಾಕಿಸಿ ತಮ್ಮ ಹಾಲ್‌ನಲ್ಲಿ ತೂಗುಹಾಕಿದ್ದಾರೆ. ಜೈಲಿಗೆ ಹೋಗಿದ್ದ ನಮ್ಮ ದೊಡ್ಡಪ್ಪನ ಫೋಟೋ ಇದೆಯಾ ಅಂತ ಮೈಸೂರಿಗೆ ಫೋನ್ ಮಾಡಿ ಅಮ್ಮನನ್ನು ಕೇಳಿದೆ. ‘ಯಾವ ದೊಡ್ಡಪ್ಪ?’ ಅಂದಳು.