ಓಬಕ್ಕಜ್ಜಿ ಹೊಲಿದ ದೋಣಿ

“ಎಲ್ಲೂ ತೂತು ಬಿಟ್ಟಿಲ್ಲ ಕಣಪ್ಪಾ, ಒಂದು ಹನಿ ನೀರೂ ಬರಲ್ಲ” ಎಂದು ಓಬಕ್ಕಜ್ಜಿ ದಬ್ಬಣ ಕೆಳಗಿಟ್ಟರು. ಚಳ್ಳಕೆರೆಯಲ್ಲಿ ಕಂಬಳಿ ಹೊಲಿದೇ ಬಾಳಿದ ಕೈ ಅದು. ನಾನು ಬಿದಿರಿನಲ್ಲಿ ಕಟ್ಟಿದ್ದ ಉದ್ದನೆಯ ದೋಣಿಯ ಚೌಕಟ್ಟಿಗೆ ಮೇಲೂ ಕೆಳಗೂ ಕ್ಯಾನ್ವಾಸ್ ಬಟ್ಟೆಯನ್ನು ಬಿಗಿಯಾಗಿ ಹೊಲಿದಿದ್ದರು. ನಾನು ಒಳಗೆ ಕೂರಬೇಕಾದ ಜಾಗವನ್ನೂ ಮುಚ್ಚಿ ಹೊಲಿದುಬಿಟ್ಟಿದ್ದರು!

ವಿಷಯ ತಿಳಿದು ನಗುತ್ತಲೇ ಆ ಹೊಲಿಗೆ ಬಿಚ್ಚಿದರು. ಬೆನ್ನಿಗೆ ಒತ್ತದಿರಲೆಂದು ಅಂಚಿಗೆ ಕಂಬಳಿಯ ತುಂಡು ಸುತ್ತಿದರು. ನಾನು ನೀರು ಇಳಿಯದಂತೆ ಬಟ್ಟೆಗೆ ಬಣ್ಣ ಬಳಿದು ಒಣಗಿಸಿ ಕೆರೆಗೆ ಒಯ್ದ ದಿನ ಅವರೂ ಬಂದರು.

“ಬಿಸಿಲು ಐತೆ, ಮನೆಗೆ ಹೋಗ್ರಿ ಅಜ್ಜಿ.”

“ನೀನು ದಡಕ್ಕೆ ಬಾ, ಆಮೇಲೆ ಹೋಗ್ತೀನಿ.”

ನಿಜಕ್ಕೂ ಒಂದು ಹನಿ ಒಳಗೆ ಬರಲಿಲ್ಲ. ಕೆರೆಯ ನಡುವಿನಿಂದ ತಿರುಗಿ ನೋಡಿದೆ. ಈಜು ಬಾರದ ಅಜ್ಜಿ, ದಬ್ಬಣಕ್ಕೆ ದಾರ ಪೋಣಿಸಿಕೊಂಡು ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದರು.