ಉಸಿರು ಹಿಡಿದ ಫೋಟೋಗಳು

ನಮ್ಮೂರಿನ ಅರ್ಧ ಜನ ಒಂದಲ್ಲ ಒಂದು ದಿನ ನಮ್ಮ ಭಾವನ ಅಪ್ಪಣೆಯಂತೆ ಉಸಿರು ಹಿಡಿದು ನಿಂತವರೇ. ಭಾವ ಎಂದರೆ ನಮ್ಮ ಅಕ್ಕನ ಗಂಡ, ಮೂವತ್ತು ಹಾಸಿಗೆಯ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುವವರು. ಮೂವತ್ತನಾಲ್ಕು ವರ್ಷಗಳಿಂದ ಅದೇ ಕೋಣೆ, ಅದೇ ಭಾರದ ಬಾಗಿಲು, ಅದೇ ಐದು ಮಾತು: "ಗದ್ದ ಮೇಲೆ. ಭುಜ ಮುಂದೆ. ಉಸಿರು ಎಳ್ಕೊಳ್ಳಿ. ಹಿಡ್ಕೊಳ್ಳಿ. ಅಲ್ಲಾಡ್ಬೇಡಿ." ಅಷ್ಟು ಹೇಳಿ ಸೀಸದ ಗಾಜಿನ ಹಿಂದೆ ನಿಂತು ಗುಂಡಿ ಒತ್ತುತ್ತಾರೆ. ಆಮೇಲೆ "ಹಾಂ, ಬಿಡಿ" ಎನ್ನುತ್ತಾರೆ. ಆ ಕೋಣೆಯಲ್ಲಿ ದೊಡ್ಡವರು ಸಣ್ಣವರು ಎಂಬ ಭೇದವಿಲ್ಲ. ಎಲ್ಲರನ್ನೂ ಕಟಕಟೆಯಲ್ಲಿ ನಿಲ್ಲಿಸುವ ನ್ಯಾಯಾಧೀಶರೂ ಅಲ್ಲಿ ಅಂಗಿ ಬಿಚ್ಚಿ, ಸೊಂಟದ ಮೇಲೆ ಕೈಯಿಟ್ಟು, ತಣ್ಣನೆಯ ಹಲಗೆಗೆ ಎದೆಯೊತ್ತಿ ನಿಲ್ಲಲೇಬೇಕು. ಊರಿನವರ ಎದೆಗಾರಿಕೆಯನ್ನು ಪಕ್ಕೆಲುಬಿನ ಸಮೇತ ಬಲ್ಲವರು ಭಾವ ಒಬ್ಬರೇ.

ಒಂದೇ ತೊಂದರೆ ಎಂದರೆ ಅವರಿಗೆ ಯಾರ ಮುಖವೂ ನೆನಪಿರುವುದಿಲ್ಲ. ಎಲ್ಲರೂ ಅವರಿಗೆ ಬೆನ್ನು ತೋರಿಸಿ ನಿಂತವರು ತಾನೇ? ದಾರಿಯಲ್ಲಿ ಯಾರಾದರೂ ನಮಸ್ಕಾರ ಹಾಕಿದರೆ ಪಿಳಿಪಿಳಿ ನೋಡುತ್ತಾರೆ. ಆಸಾಮಿ ತನ್ನ ಹೆಸರು, ಕೆಲಸ, ಮನೆ ಎಲ್ಲ ಹೇಳಿದರೂ ಗುರುತು ಸಿಗುವುದಿಲ್ಲ. ಬೈಕಿನಿಂದ ಬಿದ್ದದ್ದನ್ನು ಹೇಳಿದ ಕೂಡಲೇ ಕಣ್ಣರಳಿಸಿ, "ಓಹೋ, ಬಲಗಡೆ ಕಾಲರ್ ಬೋನ್! ಕೂಡ್ಕೊಂಡಿತಾ?" ಎಂದು ಹಳೆಯ ಗೆಳೆಯ ಸಿಕ್ಕಂತೆ ಕೈ ಹಿಡಿದುಕೊಳ್ಳುತ್ತಾರೆ.

ಇಂಥವರಿಗೆ ಐವತ್ತೆಂಟನೇ ವಯಸ್ಸಿನಲ್ಲಿ ಕ್ಯಾಮೆರಾ ಹುಚ್ಚು ಹಿಡಿಯಿತು. ಆಸ್ಪತ್ರೆಯ ಮೂಳೆ ಡಾಕ್ಟರು ಫೋಟೋಗ್ರಫಿ ಬೇಸರವಾಗಿ ಸೈಕಲ್ ತುಳಿಯಲು ಹೊರಟಾಗ ತಮ್ಮ ಕ್ಯಾಮೆರಾವನ್ನು ಭಾವನಿಗೆ ದಾಟಿಸಿದರು. ಮೂಳೆ ಡಾಕ್ಟರಿಗೆ ಸೈಕಲ್ಲಿನಿಂದ ಏನಾಯಿತೆಂಬುದು ಬೇರೆ ಕತೆ. ಅವರ ಎಕ್ಸ್‌ರೇ ತೆಗೆದವರೂ ಭಾವನೇ.

ಗುರುವಿಲ್ಲದೆ ಕಲಿಯುವವರಿಗೆ, ಮಕ್ಕಳಿಗೆ ದಡಾರ ಬಂದ ಹಾಗೆ, ಕೆಲವು ಕಾಯಿಲೆಗಳು ಸರದಿಯಲ್ಲಿ ಬಂದು ಹೋಗುತ್ತವೆ. ಭಾವನಿಗೆ ಮೊದಲು ಬಂದದ್ದು ಹನಿ. ಎಲೆಯ ಮೇಲಿನ ನೀರಹನಿಯನ್ನು ತೀರಾ ಹತ್ತಿರದಿಂದ ತೆಗೆಯುವುದು. ಇಬ್ಬನಿ ಬೀಳದ ದಿನ ಅಕ್ಕ ಇಸ್ತ್ರಿಗೆಂದು ಇಟ್ಟಿದ್ದ ನೀರಿನ ಬಾಟಲಿಯಿಂದ ಚಿಮುಕಿಸಿ ಚಿಮುಕಿಸಿ ಪಕ್ಕದ ಮನೆಯ ಎರಡು ಕುಂಡದ ಗಿಡ ಕೊಳೆಸಿದರು. ಹನಿ ಇಳಿದ ಮೇಲೆ ಸುಕ್ಕು ಹತ್ತಿತು. ಕಂಡ ಕಂಡ ಮುದುಕರ ಮುಖವನ್ನು ಕಪ್ಪು ಬಿಳುಪಿನಲ್ಲಿ ತೆಗೆಯತೊಡಗಿದರು. ಬೀಗ ರಿಪೇರಿಯ ಅಜ್ಜ, "ನಿನ್ನ ಮುಖದಲ್ಲಿಲ್ವೇನಪ್ಪಾ ಸುಕ್ಕು? ಕನ್ನಡಿ ಮುಂದೆ ನಿಂತ್ಕೊಂಡು ತೆಕ್ಕೋ ಹೋಗು" ಎಂದು ಉಗಿದು ಕಳಿಸಿದ. ಕೊನೆಗೆ ಬಂದದ್ದು ವಾಲುವ ಕಾಯಿಲೆ. ಕ್ಯಾಮೆರಾವನ್ನು ಓರೆ ಹಿಡಿದರೆ ಅದೇ ಶೈಲಿ ಎಂದು ಯಾರೋ ವಿಡಿಯೋದಲ್ಲಿ ಹೇಳಿದ್ದರಂತೆ. ಎರಡು ತಿಂಗಳು ಅವರ ಫೋಟೋಗಳಲ್ಲಿ ಬಸ್ಸು, ಸೇತುವೆ, ನೀರಿನ ಟ್ಯಾಂಕು ಎಲ್ಲವೂ ಎಡಕ್ಕೆ ಜಾರಿಹೋಗುತ್ತಿದ್ದವು. ನೋಡಿದವರ ಕತ್ತು ಉಳುಕಿದರೆ ಆಸ್ಪತ್ರೆಗೇ ಲಾಭವಲ್ಲವೇ ಎಂದು ನಾವು ಸುಮ್ಮನಿದ್ದೆವು.

ಟೈಲರ್ ಅಂಗಡಿಯ ಮಾಳಿಗೆಯಲ್ಲಿ ತಿಂಗಳಿಗೆರಡು ಭಾನುವಾರ ಹವ್ಯಾಸಿಗಳ ಕೂಟ ಸೇರುತ್ತದೆ. ಅದರ ಹಿರಿಯರು ನಕ್ಷೆ ಬರೆಯುವ ಕೆಲಸದಿಂದ ನಿವೃತ್ತರಾದವರು. ಚಿತ್ರವನ್ನು ಮೂರು ಪಾಲು ಮಾಡಿ ವಸ್ತುವನ್ನು ಗೆರೆಯ ಮೇಲೇ ಕೂರಿಸಬೇಕೆಂದು ಎಲ್ಲರಿಗೂ ಬೋಧಿಸುವುದರಿಂದ ಅವರಿಗೆ ಮೂರನೇಗೆರೆ ಎಂದೇ ಹೆಸರು. ಅವರು ಭಾವನ ಹನಿ, ಸುಕ್ಕು, ವಾಲು ಎಲ್ಲವನ್ನೂ ನೋಡಿ ಹೇಳಿದ್ದು ಒಂದೇ ಮಾತು.

"ಚೆನ್ನಾಗಿದೆ ಸ್ವಾಮಿ. ಆದ್ರೆ ಒಂದೂ ನಿಮ್ಮದಲ್ಲ."

"ನಾನೇ ತೆಗ್ದಿದ್ದು ಸಾರ್!"

"ಒತ್ತಿದ್ದು ನೀವು. ಕಂಡಿದ್ದು ಇನ್ಯಾರೋ. ಶೈಲಿ ಬೇಕು ರೀ, ಸ್ವಂತ ಶೈಲಿ!"

ಆ ದಿನದಿಂದ ಭಾವ, ಕನ್ನಡಕ ಕಳೆದುಕೊಂಡವರು ಮನೆಯೆಲ್ಲ ತಡಕಾಡುವ ಹಾಗೆ, ಶೈಲಿಯನ್ನು ಹುಡುಕತೊಡಗಿದರು. ಹನಿ ಬಿಟ್ಟರು, ಓರೆ ಬಿಟ್ಟರು. ಇನ್ನು ಮನುಷ್ಯರ ಮುಖವೇ ನನ್ನ ದಾರಿ ಎಂದು ಘೋಷಿಸಿದರು. ಭಾವ ತೆಗೆದದ್ದೆಲ್ಲ ಭಾವಚಿತ್ರವಾಗುವುದಿಲ್ಲ ಎಂದು ಗೊತ್ತಾದದ್ದು ಆಗಲೇ.

ಅವರ ಕ್ಯಾಮೆರಾದ ಮುಂದೆ ನಿಂತವರೆಲ್ಲ ಕಪ್ಪೆಗಳಾಗುತ್ತಿದ್ದರು. ಒಂದು ರಜೆಯ ದಿನ ನಾವು ಹನ್ನೊಂದು ಮಂದಿ ನೆಂಟರು ಸೇರಿದ್ದಾಗ ಮೆಟ್ಟಿಲ ಮೇಲೆ ಸಾಲಾಗಿ ನಿಲ್ಲಿಸಿ ತೆಗೆದರು. ಫೋಟೋದಲ್ಲಿ ಹನ್ನೊಂದು ಎದೆಗಳು ಮೇಲೆದ್ದಿವೆ, ಇಪ್ಪತ್ತೆರಡು ಕಣ್ಣುಗಳು ಹೊರಬಂದಿವೆ, ಗದ್ದಗಳೆಲ್ಲ ಆಕಾಶಕ್ಕೆ. ಚಿಕ್ಕಪ್ಪನಂತೂ ಬಾವಿಗೆ ಧುಮುಕುವ ಮುಂಚಿನ ಕ್ಷಣದಲ್ಲಿದ್ದಂತೆ ಇದ್ದರು. ಲೆನ್ಸ್ ಸರಿಯಿಲ್ಲ ಎಂದರು ಭಾವ. ಬೆಳಕು ಸರಿಯಿಲ್ಲ ಎಂದರು. ನಮ್ಮ ವಂಶವೇ ಸರಿಯಿಲ್ಲ ಎನ್ನುವುದೊಂದು ಬಾಕಿಯಿತ್ತು.

ರೋಗ ಪತ್ತೆ ಮಾಡಿದ್ದು ಅಕ್ಕ. ಅವಳು ಹೆಣ್ಣುಮಕ್ಕಳ ಶಾಲೆಯ ಹೆಡ್‌ಮಿಸ್ಟ್ರೆಸ್. ಯಾವ ಬೆಂಚಿನಲ್ಲಿ ಯಾರು ಪಿಸುಗುಟ್ಟಿದರೆಂದು ಬೋರ್ಡಿನ ಕಡೆ ತಿರುಗಿಯೇ ಹೇಳಬಲ್ಲವಳು.

"ರೀ, ನೀವು ಕ್ಲಿಕ್ ಮಾಡೋಕೆ ಮುಂಚೆ ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ ಅಂತೀರಿ."

"ನಾನಾ? ಛೇ, ಇಲ್ವೇ ಇಲ್ಲ."

"ಅಂತೀರಿ. ನನಗೂ ಹೇಳಿದ್ರಿ. ಮದುವೆಯಾಗಿ ಮೂವತ್ತೊಂದು ವರ್ಷಕ್ಕೆ ನನಗೆ ಬಹುವಚನ ಕೊಟ್ಟಿದ್ದೀರಿ. ಅದಕ್ಕೇ ಅನುಮಾನ ಬಂತು."

ಅವರ ಮಗಳು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿದಳು. ಐದೂ ಮಾತು, ಅದೇ ಕ್ರಮದಲ್ಲಿ, ಅದೇ ರಾಗದಲ್ಲಿ. ಭಾವ ತಮ್ಮ ದನಿಯನ್ನೇ ಯಾರೋ ಕದ್ದುಬಿಟ್ಟಂತೆ ಕೇಳಿಸಿಕೊಂಡರು. ಹೇಳುವುದನ್ನು ನಿಲ್ಲಿಸಿದರೆ ಆಯಿತಲ್ಲ ಎಂದು ಬಾಯಲ್ಲಿ ಪೆಪ್ಪರ್‌ಮಿಂಟ್ ಇಟ್ಟುಕೊಂಡು ನೋಡಿದರು. ಮಾತು ನಿಂತಿತು, ಬೆರಳೂ ನಿಂತಿತು. ಆ ಐದು ಮಾತು ಆಡದೆ ಅವರ ಬೆರಳು ಗುಂಡಿ ಒತ್ತುವುದೇ ಇಲ್ಲ! ಮೂವತ್ತನಾಲ್ಕು ವರ್ಷದ ಅಭ್ಯಾಸ, ಮಿಂಟಿಗೆಲ್ಲ ಬಗ್ಗುವುದಲ್ಲ.

ಅಷ್ಟರಲ್ಲಿ ಅಕ್ಕನ ನಿವೃತ್ತಿ ಬಂತು. ಅವಳ ಶಾಲೆಯ ಕಾರಿಡಾರಿನಲ್ಲಿ ಹಿಂದಿನ ಏಳು ಹೆಡ್‌ಮಿಸ್ಟ್ರೆಸ್‌ಗಳ ಫೋಟೋಗಳಿವೆ. ಏಳೂ ಒಂದೇ ಸ್ಟುಡಿಯೋದ್ದು, ಹಿಂದೆ ಒಂದೇ ನೀಲಿ ಪರದೆ. ಏಳೂ ಜನ ಮುಖವನ್ನು ಕೊಂಚ ಬಲಕ್ಕೆ ತಿರುಗಿಸಿ, ಗೋಡೆಯ ಮೇಲಿನ ಒಂದೇ ಹಲ್ಲಿಯನ್ನು ನೋಡುತ್ತಿದ್ದಾರೆ. ಎಂಟನೆಯದು ಅಕ್ಕನದು. ಆ ಒಂದು ಫೋಟೋ ತಾವೇ ತೆಗೆಯಬೇಕೆಂದು ಭಾವನಿಗೆ ಆಸೆ. ಆಸೆ ಎಂದರೆ ಕಡಿಮೆಯಾಯಿತು. ಊಟದಲ್ಲಿ ಎರಡನೇ ಸಲ ಬಡಿಸಿಕೊಳ್ಳುವುದನ್ನೇ ಬಿಟ್ಟಿದ್ದರು.

"ಎಲ್ಲರನ್ನೂ ಸ್ಟುಡಿಯೋದವನೇ ತೆಗೆದಿರೋದು. ನಾನೊಬ್ಬಳು ಕಪ್ಪೆ ಥರ ನೇತಾಡ್ಲಾ ಅಲ್ಲಿ? ಮಕ್ಕಳು ದಿನಾ ನೋಡ್ತಾರೆ ರೀ," ಎಂದಳು ಅಕ್ಕ.

ಭಾವ ಕ್ಯಾಮೆರಾವನ್ನು ಚೀಲಕ್ಕೆ ಹಾಕಿ, ಚೀಲವನ್ನು ಬೀರುವಿನ ಮೇಲಿಟ್ಟರು. ಮೂವತ್ತೊಂದು ವರ್ಷದ ಸಂಸಾರದಲ್ಲಿ ಜಗಳಕ್ಕಿಂತ ಇಂಥದ್ದೇ ಹೆಚ್ಚು ಕೆಲಸ ಮಾಡುತ್ತದೆ. ಮೂರನೇ ದಿನ ಅಕ್ಕನೇ ಸೋತು, "ಸರಿ. ಶನಿವಾರ ಹನ್ನೊಂದಕ್ಕೆ ಸ್ಟುಡಿಯೋದವನಿಗೆ ಹೇಳಿದ್ದೀನಿ. ಶುಕ್ರವಾರದ ತನಕ ನಿಮ್ಮ ಟೈಮು," ಎಂದಳು.

ಸೋಮವಾರದಿಂದ ಗುರುವಾರದವರೆಗೆ ಕ್ಯಾಮೆರಾದಲ್ಲಿ ನಾಲ್ವರು ಅಕ್ಕಂದಿರು ತಯಾರಾದರು. ಕಿಟಕಿಯ ಪಕ್ಕ ಒಬ್ಬಳು, ಪುಸ್ತಕದ ಕಪಾಟಿನ ಮುಂದೆ ಒಬ್ಬಳು, ನಿಂತವಳು ಒಬ್ಬಳು, ಕೂತವಳು ಒಬ್ಬಳು. ನಾಲ್ವರೂ ಉಸಿರು ಕಟ್ಟಿ ಸಾಯುವವರಂತಿದ್ದರು. ಶುಕ್ರವಾರ ಸಂಜೆ ನಾನು ಹೋದಾಗ ಭಾವ ಹೊಸ ಉಪಾಯ ಹೂಡಿದ್ದರು. ಬೆರಳಿನ ಹಂಗೇ ಬೇಡ, ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲಿಟ್ಟು ಹತ್ತು ಸೆಕೆಂಡಿನ ಟೈಮರ್ ಹಾಕಿಬಿಡುವುದು. ತಾವು ಬಾಯಿಮುಚ್ಚಿ ಪಕ್ಕದಲ್ಲಿ ನಿಲ್ಲುವುದು.

ಟೈಮರಿನ ಕೆಂಪು ದೀಪ ಮಿನುಗತೊಡಗಿತು. ಕೆಂಪು ದೀಪ ಕಂಡದ್ದೇ ತಡ ಭಾವನ ಬಾಯಿ ತೆರೆಯಿತು. "ಗದ್ದ ಮೇಲೆ. ಭುಜ ಮುಂದೆ. ಉಸಿರು ಎಳ್ಕೊಳ್ಳಿ. ಹಿಡ್ಕೊಳ್ಳಿ. ಅಲ್ಲಾಡ್ಬೇಡಿ."

ಅಕ್ಕ, ಪಾಪ, ಹಿಡಿದುಕೊಂಡಳು. ದೀಪ ಮಿನುಗುತ್ತಲೇ ಇತ್ತು. ಭಾವ ಆಸ್ಪತ್ರೆಯಲ್ಲಿ ಯಾರನ್ನೂ ಇಷ್ಟು ಹೊತ್ತು ನಿಲ್ಲಿಸಿದವರಲ್ಲ. ಅಕ್ಕನ ಕಿವಿ ಕೆಂಪೇರುವುದನ್ನು ಕಂಡು ತಡೆಯಲಾರದೆ, "ಹಾಂ, ಬಿಡಿ! ಬಿಡಿ!" ಎಂದುಬಿಟ್ಟರು. ಅಕ್ಕ ಬಿಟ್ಟಳು. ಆಗ ಕ್ಲಿಕ್ ಎಂದಿತು.

"ಹಾಳಾಯ್ತು," ಎಂದೆ ನಾನು.

ಭಾವ ಕ್ಯಾಮೆರಾದ ಹಿಂಬದಿಯ ಪರದೆಯನ್ನು ನೋಡುತ್ತ ಕೂತರು. ನಾನೂ ಬಗ್ಗಿ ನೋಡಿದೆ. ಭುಜಗಳು ಇಳಿದಿದ್ದವು. ಬಾಯಿ ಒಂದಿಷ್ಟೇ ತೆರೆದಿತ್ತು. ಕಣ್ಣು ನೇರ ಭಾವನ ಮೇಲಿತ್ತು, ಬೈಯಬೇಕೋ ನಗಬೇಕೋ ತೀರ್ಮಾನವಾಗದ ಹಾಗೆ. ಅದು ನನ್ನ ಅಕ್ಕ. ಉಳಿದ ಫೋಟೋಗಳಲ್ಲೆಲ್ಲ ಇದ್ದದ್ದು ಅವಳ ಗುರುತಿನ ಚೀಟಿ.

"ಇದನ್ನ ನಾನು ದಿನಾ ನೋಡ್ತೀನಿ," ಎಂದರು ಭಾವ ಮೆಲ್ಲಗೆ. "ಬೆನ್ನು ತೋರಿಸಿ ನಿಂತಿರ್ತಾರಲ್ಲ, ಬಿಡಿ ಅಂದ ತಕ್ಷಣ ತಿರುಗ್ತಾರೆ. ಆಗ ಒಂದು ಮುಖ ಇರುತ್ತೆ. ಸಾಹುಕಾರನಾಗ್ಲಿ ಕೂಲಿಯಾಗ್ಲಿ, ಆ ಒಂದು ಗಳಿಗೆ ಸುಳ್ಳೇ ಇರಲ್ಲ ಅದರಲ್ಲಿ. ಆಮೇಲೆ ಅಂಗಿ ಹಾಕ್ಕೋತಾರೆ, ಮುಖಾನೂ ಹಾಕ್ಕೋತಾರೆ. ನಾನು ಒಂದು ಉಸಿರು ಮುಂಚೆ ಒತ್ತುತ್ತಾ ಇದ್ದೆ, ಅಷ್ಟೇ."

ಅಕ್ಕ ಬಂದು ಇಣುಕಿದಳು. ಒಳನೋಟವೆಲ್ಲ ಅವಳಿಗೆ ಬೇಕಿರಲಿಲ್ಲ. ಗದ್ದ ಬೇಕಿತ್ತು, ಅದೂ ಒಂದೇ.

"ಎರಡು ಗದ್ದ ಇದೆ. ಕೂದಲು ಕೆದರಿಹೋಗಿದೆ. ಇದು ಸ್ಕೂಲು ಬಿಟ್ಟ ಮೇಲಿನ ಮುಖ ರೀ. ಸ್ಕೂಲಲ್ಲಿ ಹಾಕೋಕಾಗುತ್ತಾ?"

ಶನಿವಾರ ಹನ್ನೊಂದಕ್ಕೆ ಅವಳು ಸ್ಟುಡಿಯೋಗೆ ಹೋಗಿಯೇ ಹೋದಳು.

ಭಾನುವಾರ ಬೆಳಗ್ಗೆ ಭಾವ ತಮ್ಮ ಫೋಟೋದ ಪ್ರಿಂಟನ್ನು ಕೂಟಕ್ಕೆ ಒಯ್ದರು. ಮೂರನೇಗೆರೆಯವರು ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು.

"ಮುಖ ನಟ್ಟನಡುವೆ ಇದೆಯಲ್ಲ. ಗೆರೆ ಎಲ್ಲಿ? ಯಾರದ್ದನ್ನ ನೋಡಿ ತೆಗೆದಿದ್ದು ಇದು?"

"ಯಾರದ್ದೂ ಅಲ್ಲ ಸಾರ್."

"ಅದೇ ನೋಡಿ. ಒಳ್ಳೆಯವರದ್ದನ್ನ ನೋಡಿ ಕಲೀಬೇಕು."

ಸ್ವಂತ ಶೈಲಿ ಬೇಕೆಂದು ಕುಣಿಯುವವರಿಗೆ ಅದು ಎದುರಿಗೇ ಬಂದು ನಿಂತರೆ ಗುರುತು ಸಿಗುವುದಿಲ್ಲ. ಭಾವನ ಮುಖ ಮಾತ್ರ ಬಾಡಿತ್ತು. ಮನೆಗೆ ಬಂದವರೇ ಪ್ರಿಂಟನ್ನು ಮೇಜಿನ ಮೇಲೆ ಹಾಕಿ ಕಾಫಿಗೆ ಕೂತರು. ಅಲ್ಲೇ ಪಕ್ಕದಲ್ಲಿ ಸ್ಟುಡಿಯೋದ ಲಕೋಟೆಯೂ ಇತ್ತು. ನೀಲಿ ಪರದೆಯ ಮುಂದೆ ಎಂಟನೆಯವಳೂ ಹಲ್ಲಿ ನೋಡುತ್ತಿದ್ದಳು.

ಅಷ್ಟರಲ್ಲಿ ಶಾಲೆಯ ಆಯಾ ಬಂದಳು. ಇಪ್ಪತ್ತೆಂಟು ವರ್ಷ ಗಂಟೆ ಹೊಡೆದವಳು. ಫೋಟೋ ಒಯ್ದು ಕಟ್ಟು ಹಾಕಿಸುವುದು ಅವಳ ಕೆಲಸ. ಅಕ್ಕ ಸ್ಟುಡಿಯೋದ ಫೋಟೋವನ್ನು ಕೊಟ್ಟಳು. ಆಯಾ ನೋಡಿ, "ಇವ್ರು ಯಾರು ಮೇಡಂ, ನಿಮ್ಮ ಅಕ್ಕನಾ?" ಎಂದಳು.

"ನಾನೇ ಕಣೇ!"

"ಅಯ್ಯೋ ಬಿಡ್ತು ಅನ್ನಿ." ಆಮೇಲೆ ಅವಳ ಕಣ್ಣು ಮೇಜಿನ ಮೇಲಿನ ಪ್ರಿಂಟಿಗೆ ಬಿತ್ತು. ಕೈಯನ್ನು ಸೀರೆಗೆ ಒರೆಸಿ ಎತ್ತಿಕೊಂಡಳು. "ಇದು ನೀವು. ಲಾಸ್ಟ್ ಬೆಲ್ ಹೊಡೆದ್ಮೇಲೆ ಆಫೀಸಲ್ಲಿ ಹಿಂಗೇ ಕೂತಿರ್ತೀರಿ. ನಾನು ಬೀಗ ತಗೊಳ್ಳೋಕೆ ಬಂದ್ರೆ ಹಿಂಗೇ ನೋಡ್ತೀರಿ. ಇದನ್ನ ಯಾರು ಮೇಡಂ ತೆಗ್ದಿದ್ದು?"

ಭಾವ ಕಾಫಿ ಲೋಟದೊಳಗೆ ಏನನ್ನೋ ಹುಡುಕುತ್ತಿದ್ದರು. ಅಕ್ಕ ಒಮ್ಮೆ ಅವರನ್ನು ನೋಡಿದಳು, ಒಮ್ಮೆ ಆಯಾಳನ್ನು. ಎರಡೂ ಫೋಟೋಗಳನ್ನು ಕೈಗೆ ತೆಗೆದುಕೊಂಡು ಕಿಟಕಿಯ ಹತ್ತಿರ ಹೋದಳು. ಉತ್ತರ ಪತ್ರಿಕೆ ತಿದ್ದುವಾಗಲೂ ಅವಳು ಅಷ್ಟು ಹೊತ್ತು ತೆಗೆದುಕೊಂಡವಳಲ್ಲ.

"ಇದನ್ನೇ ತಗೊಂಡು ಹೋಗು," ಎಂದಳು ಕೊನೆಗೆ. "ಎತ್ತರಕ್ಕೆ ಹಾಕ್ಸು, ಗದ್ದ ಯಾರಿಗೂ ಕಾಣ್ಬಾರ್ದು."

"ಎತ್ತರಕ್ಕೆ ಹಾಕಿದ್ರೆ ಗದ್ದಾನೇ ಮೊದಲು ಕಾಣೋದು," ಎಂದರು ಭಾವ.

"ನೀವು ಸುಮ್ನಿರಿ."

ಬೀಳ್ಕೊಡುಗೆಯ ದಿನ ಭಾಷಣಗಳ ನಡುವೆ ಭಾವ ಮೆಲ್ಲಗೆ ಎದ್ದು ಕಾರಿಡಾರಿಗೆ ಹೋದರು. ನಾನೂ ಹಿಂದೆಯೇ ಹೋದೆ. ಎಂಟನೇ ಫೋಟೋದ ಕೆಳಗೆ ಎರಡು ಜಡೆಯ ಇಬ್ಬರು ಹುಡುಗಿಯರು ಕತ್ತೆತ್ತಿ ನಿಂತಿದ್ದರು.

"ಹೆಡ್ ಮೇಡಂ ಬಯ್ಯೋಕೆ ಮುಂಚೆ ಹಿಂಗೇ ಇರ್ತಾರೆ," ಎಂದಳು ಒಬ್ಬಳು.

"ಏ ಇಲ್ವೇ, ಬೈದಾದ ಮೇಲೆ. ನನಗೆ ಗೊತ್ತು, ನಾನು ಎರಡು ಸಲ ಬೈಸ್ಕೊಂಡಿದ್ದೀನಿ."

"ಮುಂಚೆ!"

"ಆಮೇಲೆ!"

ಭಾವನ ಫೋಟೋಗಳನ್ನು ನೋಡಿದವರು ಈವರೆಗೆ ಚೆನ್ನಾಗಿದೆ ಎಂದು ಚಹಾಕ್ಕೆ ಎದ್ದು ಹೋದವರೇ ಹೊರತು ಯಾರೂ ಜಗಳವಾಡಿರಲಿಲ್ಲ. ಭಾವ ಪಂಚೆ ಮಡಚಿ ಆ ಹುಡುಗಿಯರ ಎತ್ತರಕ್ಕೆ ಕುಕ್ಕರುಗಾಲಿನಲ್ಲಿ ಕೂತು, "ಮರೀ, ಜಗಳ ನಿಲ್ಲಿಸ್ಬೇಡ್ರಮ್ಮ. ಒಬ್ಬೊಬ್ಬರಾಗಿ ಹೇಳಿ, ಯಾಕೆ ಮುಂಚೆ, ಯಾಕೆ ಆಮೇಲೆ?" ಎಂದು ಕಿವಿಗೊಟ್ಟರು.