ಮರದ ಕೆಳಗಿನ ಮಳೆಮಾಪಕ

ಕಾಡಿನ ಮೇಲೆ ಬಿದ್ದ ಮಳೆಯೆಲ್ಲ ನೆಲ ಮುಟ್ಟುವುದಿಲ್ಲ. ಒಂದಿಷ್ಟು ಎಲೆಗಳಲ್ಲೇ ನಿಂತು ಅಲ್ಲಿಂದಲೇ ಆವಿಯಾಗುತ್ತದೆ. ಹವಾಮಾನದ ಕಂಪ್ಯೂಟರ್ ಮಾದರಿಗಳು ಈ ನೀರನ್ನು ಎಲೆಗಳ ಒಟ್ಟು ಹರವಿನಿಂದ ಅಂದಾಜು ಮಾಡುತ್ತವೆ. ಆ ಅಂದಾಜು ನಮ್ಮ ಸಿದ್ದಾಪುರದ ಕಡೆಯ ಕಾಡಿಗೆ ಹೊಂದುತ್ತದೆಯೇ ಎಂದು ನೋಡುವುದು ನನ್ನ ಪಿಎಚ್‌ಡಿ ಕೆಲಸ. ಆ ಕೆಲಸ ನನಗೆ ಚೆನ್ನಾಗಿ ಬರುತ್ತದೆ ಎಂದು ಹೇಳಿಕೊಳ್ಳಲು ಯಾವತ್ತೂ ಸಂಕೋಚಪಟ್ಟವನಲ್ಲ.

ಬಿಳಗಿಯ ಹತ್ತಿರ, ತೋಟದ ಒಡತಿಯೊಬ್ಬರ ಸೊಪ್ಪಿನ ಬೆಟ್ಟದಲ್ಲಿ, ಅಂದರೆ ತೋಟಕ್ಕೆ ಸೇರಿದ ಕಾಡಿನಲ್ಲಿ, ಮಳೆಮಾಪಕಗಳನ್ನು ಇಟ್ಟಿದ್ದೆ. ಕೆಲವು ಬಯಲಲ್ಲಿ, ಉಳಿದವು ಮರಗಳ ಕೆಳಗೆ. ಎರಡರ ವ್ಯತ್ಯಾಸದಲ್ಲಿ ಕಾಂಡ ಹಿಡಿದು ಇಳಿದ ನೀರನ್ನು ಕಳೆದರೆ ಉಳಿಯುವುದೇ ಎಲೆಗಳು ತಡೆದ ಮಳೆ. ದಿನಾ ಬೆಳಿಗ್ಗೆ ಆ ಒಡತಿಯೇ ಅಳೆದು ಅಂಕಿಗಳನ್ನು ಮೊಬೈಲಿಗೆ ಕಳಿಸುತ್ತಿದ್ದರು. ನಾನು ಶಿರಸಿಯಲ್ಲಿ ಬೆಚ್ಚಗೆ ಕೂತು ಗ್ರಾಫ್ ಹಾಕುತ್ತಿದ್ದೆ.

ಆಷಾಢ ಕಳೆಯುವಷ್ಟರಲ್ಲಿ ಮರದ ಕೆಳಗಿನ ಮಳೆ ಏರುತ್ತ ಏರುತ್ತ ಬಯಲಿನ ಮಳೆಯ ಸಮಕ್ಕೆ ಬಂತು. ಎಲೆಗಳು ಹೆಚ್ಚುಕಮ್ಮಿ ಏನನ್ನೂ ತಡೆಯುತ್ತಿಲ್ಲ! ಮಾದರಿಯೇ ತಪ್ಪು ಎಂದು ನನ್ನ ಮಾರ್ಗದರ್ಶಕರಿಗೆ ಬರೆದುಬಿಟ್ಟೆ. ನನ್ನ ಇಡೀ ಪ್ರಬಂಧ ನಿಂತಿದ್ದದ್ದು ಆ ಒಂದೇ ಮಳೆಗಾಲದ ಮೇಲೆ. ಹಿಗ್ಗಿನಲ್ಲೇ ಫೋಟೋ ತೆಗೆಯಲು ಬೆಟ್ಟ ಹತ್ತಿದೆ.

ಮಾಪಕಗಳ ಮೇಲಿನ ಮರಗಳೆಲ್ಲ ಬೋಳಾಗಿದ್ದವು.

"ಮರದ ಕೆಳಗೆ ಇಟ್ರೆ ಮಳೆ ಹ್ಯಾಂಗೆ ಬೀಳ್ತು ಹೇಳಿ ಆನೇ ಕಡಿಸಿದ್ದು. ಈಗ ಚೊಲೋ ಬೀಳ್ತು, ಅಲ್ದಾ?" ಎಂದರು ಒಡತಿ, ತಾವೇ ಕಡಿಸಿದ್ದೆಂಬ ಹೆಮ್ಮೆಯಲ್ಲಿ.

ಕೊಟ್ಟಿಗೆಗೆ ಹಾಸಲು, ತೋಟದ ಗೊಬ್ಬರಕ್ಕೆಂದು ವರ್ಷವೂ ಕಡಿಸುವ ಸೊಪ್ಪನ್ನು ಈ ಸಲ ನನ್ನ ಉಪಕಾರಕ್ಕಾಗಿ ಮಾಪಕದ ಮೇಲಿನ ಮರಗಳಿಂದಲೇ ಕಡಿಸಲು ಶುರು ಮಾಡಿದ್ದರು. ಸಿಟ್ಟು ನೆತ್ತಿಗೇರಿತು. ಆದರೆ ಬೈಯುವುದು ಯಾರನ್ನು? ಸೊಪ್ಪಿನ ಬೆಟ್ಟದಲ್ಲಿ ಸೊಪ್ಪು ಕಡಿಯುತ್ತಾರೆಂದು ಈ ಸೀಮೆಯಲ್ಲೇ ಹುಟ್ಟಿದ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಈ ಮಳೆಗಾಲ ಕೈತಪ್ಪಿತು ಎಂದುಕೊಂಡು ಅಲ್ಲೇ ಕಲ್ಲಿನ ಮೇಲೆ ಕೂತೆ.

"ಯಾವ ಮರದ್ದು ಯಾವತ್ತು ಕಡಿಸಿದ್ದು, ನೆನಪಿದೆಯೇ?" ಆಸೆಯಿಲ್ಲದೆಯೇ ಕೇಳಿದೆ.

"ನೆನಪಿಲ್ದೆ ಎಂತ? ಮತ್ತಿ ಮರದ್ದು ಏಕಾದಶಿ ಹಿಂದಿನ ದಿನ. ಹೊನ್ನೆ ಮರದ್ದು ಆಕಳು ಕರು ಹಾಕಿದ ದಿನ."

ಮಳೆಗಾಲ ಹಿಡಿದಾಗಿನಿಂದ ದಿನಾ ಸಂದೇಶ ಕಳಿಸುತ್ತಿದ್ದ ಇವರನ್ನು ಅಂಕಿ ಬಿಟ್ಟು ಬೇರೇನನ್ನೂ ಕೇಳಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಒಂದೊಂದೇ ಮರ ತೋರಿಸಿ ಕೇಳುತ್ತ, ಕಡಿಸಿದ ದಿನ ಬರೆದುಕೊಂಡೆ. ಎಲೆ ಇದ್ದಾಗ ಎಷ್ಟು ತಡೆಯಿತು, ಇಲ್ಲದಾಗ ಎಷ್ಟು ಎಂದು ಒಂದೇ ಮರದ ಎರಡು ಲೆಕ್ಕ ಕೈಗೆ ಬಂತು. ಮಾದರಿಯನ್ನು ಪರೀಕ್ಷಿಸಲು ನಾನೇ ಯೋಜನೆ ಹಾಕಿದ್ದರೂ ಇಷ್ಟು ಚೆನ್ನಾಗಿ ಆಗುತ್ತಿರಲಿಲ್ಲ. ಮಾದರಿಯನ್ನು ಬೈದದ್ದು ಅವಸರವಾಯಿತು ಎಂದು ಮಾರ್ಗದರ್ಶಕರಿಗೆ ಅಲ್ಲಿಂದಲೇ ಫೋನ್ ಮಾಡಿದೆ.